ಹಳೆಯ ಪೈಪು, ಹೊಸ ಮೈಕಟ್ಟು

ಹಳೆಯ ತಂಬಾಕಿನ ಪೈಪಿನಲ್ಲಿ ಮೊದಲು ಕೆಡುವುದು ಬಟ್ಟಲಿನ ಬಾಯಂಚು. ಕಡ್ಡಿ ಗೀರಿ ಬೆಂಕಿಯನ್ನು ಒಂದೇ ಮಗ್ಗುಲಿಂದ ಹಿಡಿಯುವುದು ಸೇದುವವರಿಗೆ ರೂಢಿಯಾಗಿಬಿಟ್ಟಿರುತ್ತದೆ. ಹಾಗಾಗಿ ಬಲಗೈಯವರ ಪೈಪಿನಲ್ಲಿ ಸಾಮಾನ್ಯವಾಗಿ ಬಲ ಅಂಚು ಕರಕಲಾಗಿರುತ್ತದೆ, ಎಡಗೈಯವರದ್ದರಲ್ಲಿ ಎಡ ಅಂಚು. ಬೂದಿ ಕೊಡವಲು ಕಲ್ಲಿಗೋ ಬೂಟಿನ ಹಿಮ್ಮಡಿಗೋ ಕುಟ್ಟುವವರ ಪೈಪಾದರೆ ಅಂಚು ಜಜ್ಜಿಹೋಗಿರುತ್ತದೆ. ಒಳಗೋಡೆಯ ಮೇಲೆ ವರ್ಷಗಟ್ಟಲೆ ಕಟ್ಟಿದ ಇಂಗಾಲದ ಕಿಟ್ಟ, ಬಾಯಲ್ಲಿ ಕಚ್ಚುವ ತುದಿಯಲ್ಲಿ ಹಲ್ಲಿನ ಗುರುತು, ಕಪ್ಪಾಗಿರಬೇಕಾದ ರಬ್ಬರು ಬಿಸಿಲಿಗೆ ಸಿಕ್ಕಿ ಹಸಿರುಗಂದು. ಯುರೋಪು, ಅಮೆರಿಕದ ಹಳೇ ಸಾಮಾನಿನ ಸಂತೆಗಳಲ್ಲಿ ಇಂಥವು ರಟ್ಟಿನ ಪೆಟ್ಟಿಗೆಯಲ್ಲಿ ಗುಡ್ಡೆಯಾಗಿ ಬಿದ್ದಿರುತ್ತವೆ. ಇವನ್ನು ಮನೆಗೆ ತಂದು ತೊಳೆದು, ಉಜ್ಜಿ, ಕೆಲವೊಮ್ಮೆ ಕೊಯ್ದು, ಬೇರೆಯದೇ ಆಕಾರಕ್ಕೆ ತಿದ್ದುವ ಹವ್ಯಾಸಿಗಳ ದೊಡ್ಡ ಬಳಗವೇ ಇದೆ.

ತಂಬಾಕಿನ ಪರವಾಗಿ ಇಲ್ಲಿ ಒಂದು ಮಾತೂ ಇಲ್ಲ. ಪೈಪಿನ ಹೊಗೆಯೂ ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿಗೆ ದಾರಿ ಮಾಡುತ್ತದೆ ಎಂಬುದರಲ್ಲಿ ಸಂದೇಹ ಉಳಿದಿಲ್ಲ. ನನಗೆ ಆಸಕ್ತಿಯಿರುವುದು ಪೈಪಿನ ಮರದಲ್ಲಿ, ಅದರ ಕೆಲಸದಲ್ಲಿ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಮರದ ವಸ್ತುವೊಂದು ಇಷ್ಟೊಂದು ಲೆಕ್ಕಾಚಾರ ಬೇಡುವುದು ಅಪರೂಪ.

ಬೆಂಕಿಯ ನಾಡಿನ ಗಂಟು

ಒಳ್ಳೆಯ ಪೈಪುಗಳೆಲ್ಲ ಬಹುತೇಕ ಬ್ರಯರ್ ಮರದವು. ಸಸ್ಯಶಾಸ್ತ್ರದಲ್ಲಿ ಎರಿಕಾ ಆರ್ಬೊರಿಯಾ ಎನ್ನುವ ಈ ಪೊದೆಗಿಡ ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುತ್ತದೆ: ಇಟಲಿಯ ಕಲಾಬ್ರಿಯಾ, ಕಾರ್ಸಿಕಾ, ಸಾರ್ಡೀನಿಯಾ, ಗ್ರೀಸ್, ಅಲ್ಜೀರಿಯಾ. ಪೈಪಿಗೆ ಬೇಕಾದದ್ದು ಅದರ ಕಾಂಡವಲ್ಲ, ಬೇರು ಮತ್ತು ಕಾಂಡ ಕೂಡುವಲ್ಲಿ ನೆಲಮಟ್ಟದಲ್ಲಿ ಊದಿಕೊಳ್ಳುವ ಗಂಟು. ಕಾಡ್ಗಿಚ್ಚು ಬಂದು ಮೇಲಿನ ಗಿಡವೆಲ್ಲ ಸುಟ್ಟುಹೋದರೂ ಈ ಗಂಟಿನಿಂದ ಮತ್ತೆ ಚಿಗುರು ಒಡೆಯುತ್ತದೆ. ಬರ, ಬೆಂಕಿ, ಕಲ್ಲುನೆಲಗಳ ನಡುವೆ ದಶಕಗಟ್ಟಲೆ ನಿಧಾನವಾಗಿ ಬೆಳೆದದ್ದರಿಂದ ಮರ ಗಟ್ಟಿ, ದಟ್ಟ, ಶಾಖಕ್ಕೆ ಸುಲಭವಾಗಿ ಸೋಲದು.

ಅಗೆದು ತೆಗೆದ ಗಂಟನ್ನು ಒಣಗಲು ಬಿಡದೆ ಒದ್ದೆಯಾಗಿಯೇ ಇಡುತ್ತಾರೆ. ಇಲ್ಲದಿದ್ದರೆ ಸೀಳುತ್ತದೆ. ಆಮೇಲೆ ತುಂಡುಗಳಾಗಿ ಕೊಯ್ದು, ಒಗರಿನ ಅಂಶ ಬಿಡುವವರೆಗೆ ತಾಸುಗಟ್ಟಲೆ ನೀರಿನಲ್ಲಿ ಕುದಿಸಿ, ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ನಾರು ಗಂಟಿನ ನಡುವಿನಿಂದ ಹೊರಕ್ಕೆ ಸಾಗಿರುತ್ತದೆ. ಉದ್ದಕ್ಕೆ ಕೊಯ್ದ ಮುಖದಲ್ಲಿ ನೇರ ಗೆರೆಗಳು ಕಾಣುತ್ತವೆ. ಅಡ್ಡ ಕೊಯ್ದ ಮುಖದಲ್ಲಿ ಸಣ್ಣ ಸಣ್ಣ ಚುಕ್ಕೆಗಳು. ಈ ಚುಕ್ಕೆಗಳಿಗೆ ಪೈಪಿನವರು ಹಕ್ಕಿಕಣ್ಣು ಎನ್ನುತ್ತಾರೆ.

ಫ್ರಾನ್ಸಿನ ಜುರಾ ಬೆಟ್ಟಗಳ ಸೇಂಟ್ ಕ್ಲೋಡ್ ಪಟ್ಟಣ ಮೊದಲಿನಿಂದಲೂ ಮರ ಕಡೆಯುವವರ ಊರು. 1850ರ ದಶಕದಲ್ಲಿ ಬ್ರಯರ್ ಪೈಪು ಅಲ್ಲಿ ದೊಡ್ಡ ಉದ್ಯಮವಾಯಿತು. ಅದೇ ಊರಿನ ಕೊಮೊಯ್ ಮನೆತನದ ಹೆನ್ರಿ ಕೊಮೊಯ್ 1879ರಲ್ಲಿ ಲಂಡನ್ನಿಗೆ ಹೋಗಿ ಕಾರ್ಖಾನೆ ತೆರೆದರು. ಡಬ್ಲಿನ್ನಿನ ಪೀಟರ್ಸನ್, ಮಿಲಾನಿನ ಸವಿನೆಲ್ಲಿ, ಲಂಡನ್ನಿನ ಡನ್‌ಹಿಲ್ ಹೀಗೆ ಹೆಸರುಗಳು ಬೆಳೆದವು. ಈ ಕಾರ್ಖಾನೆಗಳು ಲಕ್ಷಗಟ್ಟಲೆ ತಯಾರಿಸಿದ ಪೈಪುಗಳು ಮಾಲೀಕರ ಕಾಲಾನಂತರವೂ ಉಳಿದಿವೆ. ಇವತ್ತು ಹವ್ಯಾಸಿಯ ಮೇಜಿಗೆ ಬರುವುದು ಅವೇ.

ರಿಪೇರಿ ಮೇಜಿನಿಂದ ಎದ್ದ ಗುರು

ಹಳೆಯ ಪೈಪು ತಿದ್ದುವ ಕೆಲಸವನ್ನು ಕೀಳಾಗಿ ಕಾಣುವವರಿದ್ದಾರೆ. ಹೊಸದನ್ನು ಮಾಡಲಾರದವರು ಹಳೆಯದನ್ನು ಉಜ್ಜುತ್ತಾರೆ ಎಂಬ ಮಾತೂ ಕಿವಿಗೆ ಬೀಳುತ್ತದೆ. ಇದಕ್ಕೆ ಉತ್ತರ ಕೋಪನ್‌ಹೇಗನ್ನಿನಲ್ಲಿದೆ.

ಸ್ವೀಡನ್ನಿನಲ್ಲಿ 1910ರಲ್ಲಿ ಹುಟ್ಟಿದ ಸಿಕ್ಸ್ಟೆನ್ ಇವಾರ್ಸನ್ ಪೈಪು ಮಾಡುವ ಮನೆತನದವರಲ್ಲ. 1940ರ ದಶಕದಲ್ಲಿ ಕೋಪನ್‌ಹೇಗನ್ನಿನ ಸೂರ್ಸ್ ಎಂಬ ಪೈಪ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಯುದ್ಧದ ದೆಸೆಯಿಂದ ಡೆನ್ಮಾರ್ಕಿಗೆ ಬ್ರಯರ್ ಬರುವುದು ನಿಂತುಹೋಗಿದ್ದ ಕಾಲವದು. ಮುಂದೆ ಸ್ಟ್ಯಾನ್‌ವೆಲ್ ಎಂದು ಹೆಸರಾದ ಕಾರ್ಖಾನೆಯನ್ನು ಪೌಲ್ ನೀಲ್ಸನ್ 1942ರಲ್ಲಿ ಶುರುಮಾಡಿದ್ದೇ ಬೀಚ್ ಮರದ ಪೈಪುಗಳಿಂದ. ಹೊಸ ಪೈಪಿಗೆ ಬರವಿದ್ದಾಗ ಹಳೆಯದರ ರಿಪೇರಿಗೆ ಬೇಡಿಕೆ ಇದ್ದೇ ಇರುತ್ತದೆ. ಇವಾರ್ಸನ್ನರ ಕೈ ಪಳಗಿದ್ದು ಆ ಮೇಜಿನಲ್ಲಿ. ಮುಂದೆ ಅವರು ಸ್ವಂತ ಪೈಪುಗಳನ್ನು ಮಾಡಿದರು, ಸ್ಟ್ಯಾನ್‌ವೆಲ್ಲಿಗೆ ವಿನ್ಯಾಸಗಳನ್ನು ಕೊಟ್ಟರು, ಡ್ಯಾನಿಶ್ ಪೈಪು ಎಂದರೆ ಜಗತ್ತು ತಿರುಗಿ ನೋಡುವಂತೆ ಮಾಡಿದರು. ಮಗ ಲಾರ್ಸ್, ಮೊಮ್ಮಗಳು ನಾನ್ನಾ ಅದೇ ಕಸುಬು ಹಿಡಿದರು.

ಕಾರ್ಖಾನೆಗಳಲ್ಲಿ ಮೊದಲು ಯಂತ್ರಕ್ಕೆ ಕೊಟ್ಟು ರಂಧ್ರ ಕೊರೆಸಿ ಆಮೇಲೆ ಆಕಾರ ಕೊಡುವುದು ವಾಡಿಕೆ. ಮರದ ನಾರು ಹೇಗಿದೆಯೋ ಹಾಗೆ ಮೊದಲು ಆಕಾರ ತಿದ್ದಿ, ರಂಧ್ರವನ್ನು ಆಮೇಲೆ ಕೊರೆಯುವ ಕ್ರಮವನ್ನು ಬಳಕೆಗೆ ತಂದ ಶ್ರೇಯಸ್ಸನ್ನು ಪೈಪಿನ ಲೋಕ ಇವಾರ್ಸನ್ನರಿಗೆ ಕೊಡುತ್ತದೆ. ಒಳಗಿನ ರಂಧ್ರಕ್ಕೂ ಹೊರಗಿನ ರೂಪಕ್ಕೂ ಇರುವ ಸಂಬಂಧವನ್ನು ಅಷ್ಟು ಚೆನ್ನಾಗಿ ಬಲ್ಲವರಿಗೆ ಮಾತ್ರ ಹೀಗೆ ಕ್ರಮವನ್ನೇ ತಿರುಗಿಸುವ ಧೈರ್ಯ ಬರುತ್ತದೆ. ಆ ಸಂಬಂಧ ಕಲಿಯಲು ರಿಪೇರಿ ಮೇಜಿಗಿಂತ ಒಳ್ಳೆಯ ಶಾಲೆ ಇಲ್ಲ. ಹತ್ತಾರು ಊರಿನ, ಹತ್ತಾರು ಕೈಗಳ ಪೈಪುಗಳನ್ನು ಬಿಚ್ಚಿ ಒಳಗೆ ಇಣುಕಿ ನೋಡುವ ಅವಕಾಶ ಮತ್ತೆಲ್ಲಿ ಸಿಗಬೇಕು?

ಎಷ್ಟು ಮರ ಉಳಿದಿದೆ?

ಮನೆಯಲ್ಲಿ ಹಳೆಯ ಪೈಪು ತಿದ್ದುವವರಿಗೆ ಇವಾರ್ಸನ್ನರ ಸ್ವಾತಂತ್ರ್ಯ ಇಲ್ಲ. ರಂಧ್ರಗಳನ್ನು ಯಾರೋ ಯಾವತ್ತೋ ಕೊರೆದಾಗಿದೆ. ತಂಬಾಕು ತುಂಬುವ ಒಳಕುಳಿ, ಅದರ ತಳದಿಂದ ಹೊಗೆ ಹೊರಡುವ ಸಣ್ಣ ದಾರಿ, ಬಟ್ಟಲಿನಿಂದ ಚಾಚಿದ ಮರದ ಕತ್ತಿನಲ್ಲಿ ಸ್ಟೆಮ್, ಅಂದರೆ ಬಾಯಲ್ಲಿ ಕಚ್ಚುವ ಕೊಳವೆ, ಕೂರುವ ತೂತು, ಈ ಮೂರನ್ನೂ ಅಲುಗಿಸುವಂತಿಲ್ಲ. ಬೇಕಾದ ಆಕಾರ ಏನೇ ಇರಲಿ, ಅದನ್ನು ಈ ಮೂರರ ಸುತ್ತ ಉಳಿದಿರುವ ಮರದಲ್ಲೇ ಹುಡುಕಬೇಕು.

ಆದ್ದರಿಂದ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಅರವನ್ನಲ್ಲ, ವರ್ನಿಯರ್ ಕ್ಯಾಲಿಪರನ್ನು. ಸಾಧಾರಣ ಗಾತ್ರದ ಬಿಲಿಯರ್ಡ್ ಪೈಪೊಂದನ್ನು ತೆಗೆದುಕೊಳ್ಳಿ. ನೇರ ಗೋಡೆಯ ಬಟ್ಟಲು, ನೇರ ಕತ್ತು, ಎಲ್ಲಕ್ಕಿಂತ ಹೆಚ್ಚು ಕಾಣಸಿಗುವ ಆಕಾರ ಇದು. ಹೊರ ಅಗಲ ಸುಮಾರು 32 ಮಿಲಿಮೀಟರ್, ಒಳಕುಳಿಯ ಅಗಲ 20 ಇದ್ದರೆ ಒಂದೊಂದು ಮಗ್ಗುಲಿಗೆ 6 ಮಿಲಿಮೀಟರ್ ಮರ ಸಿಕ್ಕಿತು. ಗೋಡೆ 5 ಮಿಲಿಮೀಟರಿಗಿಂತ ತೆಳುವಾದರೆ ಬಟ್ಟಲು ಕೈ ಸುಡುತ್ತದೆ, ಒಳಗಿನ ಬೆಂಕಿಗೆ ಮರವೇ ಕರಕಲಾಗುವ ಅಪಾಯವೂ ಇದೆ. ಅಂದಮೇಲೆ ನಮ್ಮ ಕೈಯಲ್ಲಿರುವ ಬಂಡವಾಳ ಸುತ್ತ ಒಂದು ಮಿಲಿಮೀಟರ್. ಅಷ್ಟರೊಳಗೆ ಏನೆಲ್ಲ ಮಾಡಬಹುದು, ಏನು ಮಾಡಬಾರದು ಎಂಬುದನ್ನು ಆಗಲೇ ಹೇಳಿಬಿಡಬಹುದು. ಬಾಯಂಚನ್ನು ದುಂಡಗೆ ಮಾಡಿ ಸೇಬಿನಾಕಾರದ ಹತ್ತಿರಕ್ಕೆ ತರಬಹುದು. ತಳವನ್ನು ತುಸು ಚಪ್ಪಟೆ ಮಾಡಿ ಮೇಜಿನ ಮೇಲೆ ತಾನಾಗಿ ನಿಲ್ಲುವಂತೆ ಮಾಡಬಹುದು. ಆದರೆ ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವ ಡಬ್ಲಿನ್ ಆಕಾರ ಇದರಲ್ಲಿ ಹುಟ್ಟುವುದಿಲ್ಲ. ಒಳಕುಳಿ ಕೆಳಗಿನವರೆಗೂ ಅಷ್ಟೇ ಅಗಲವಿರುವುದರಿಂದ ಹೊರಗೋಡೆಯನ್ನು ಓರೆ ಮಾಡುತ್ತ ಹೋದರೆ ಬುಡದಲ್ಲಿ ಮರವೇ ಉಳಿಯುವುದಿಲ್ಲ.

ತಳದ ದಪ್ಪ ಅಳೆಯಲು ಸುಲಭ ಉಪಾಯವಿದೆ. ಕಡ್ಡಿಯೊಂದನ್ನು ಒಳಕುಳಿಗೆ ಇಳಿಸಿ ಬಾಯಂಚಿನ ಮಟ್ಟಕ್ಕೆ ಗುರುತು ಹಾಕಿ. ಅದೇ ಕಡ್ಡಿಯನ್ನು ಬಟ್ಟಲಿನ ಹೊರಗೆ ಆ ಗುರುತಿನಿಂದ ಕೆಳಕ್ಕೆ ಹಿಡಿದರೆ ಕುಳಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯುತ್ತದೆ. ಅಲ್ಲೊಂದು ಪೆನ್ಸಿಲ್ ಗೆರೆ. ಆ ಗೆರೆಯಿಂದ ಕೆಳಗಿರುವಷ್ಟೇ ಮರ.

ಬಿಲಿಯರ್ಡ್ ಹೋಗಿ ಪಾಟ್

ಬಾಯಂಚು ಹೆಚ್ಚು ಸುಟ್ಟ ಬಿಲಿಯರ್ಡಿಗೆ ಸಿಗುವ ಅತ್ಯಂತ ಸಹಜ ಮರುಜನ್ಮ ಪಾಟ್ ಆಕಾರ. ಪಾಟ್ ಎಂದರೆ ಎತ್ತರ ಕಡಿಮೆಯಾದ ಬಿಲಿಯರ್ಡೇ. ಕರಕಲಾದ 8 ಮಿಲಿಮೀಟರನ್ನು ಮೇಲಿಂದ ತೆಗೆದರೆ 38 ಮಿಲಿಮೀಟರ್ ಆಳದ ಕುಳಿ 30ಕ್ಕೆ ಇಳಿಯುತ್ತದೆ, ಗೋಡೆಯ ದಪ್ಪಕ್ಕೆ ಏನೂ ಆಗುವುದಿಲ್ಲ.

ಕೊಯ್ಯುವ ಮುನ್ನ ಶುಚಿ. ರೀಮರ್ ಎಂಬ ಕೆರೆಯುವ ಉಪಕರಣದಿಂದ ಕಿಟ್ಟವನ್ನು ಮರ ಕಾಣುವವರೆಗೆ ಕೆರೆಯಬೇಕು. ಗೋಡೆಯಲ್ಲಿ ಬಿರುಕೋ ಸುಟ್ಟ ಗುಳಿಯೋ ಇದ್ದರೆ ಬಯಲಾಗುವುದು ಆಗಲೇ. ಹಳೆಯ ತಂಬಾಕಿನ ನಾತ ತೆಗೆಯಲು ಹೊಗೆದಾರಿಗೆ ಹತ್ತಿ ತುರುಕಿ, ಕುಳಿಯ ತುಂಬ ಹರಳುಪ್ಪು ಹಾಕಿ, ಉಪ್ಪು ನೆನೆಯುವಷ್ಟು ಶುದ್ಧ ಆಲ್ಕೋಹಾಲ್ ಹನಿಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಬೆಳ್ಳನೆಯ ಉಪ್ಪು ಚಹಾಪುಡಿಯ ಬಣ್ಣಕ್ಕೆ ತಿರುಗಿರುತ್ತದೆ. ಹತ್ತಿರ ಬೆಂಕಿ ಇರಬಾರದು.

ಕೊಯ್ಯುವ ಮಟ್ಟಕ್ಕೆ ಬಟ್ಟಲಿನ ಸುತ್ತ ಕಾಗದದ ಟೇಪು ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ ಗೆರೆಗಿಂತ ತುಸು ಮೇಲೆಯೇ ಕೊಯ್ಯಬೇಕು. ಒಂದೇ ಕಡೆಯಿಂದ ಪೂರ್ತಿ ಸೀಳಿಕೊಂಡು ಹೋದರೆ ಗರಗಸ ಓಲುತ್ತದೆ. ಬಟ್ಟಲನ್ನು ತಿರುಗಿಸುತ್ತ ಸುತ್ತಲೂ ಸ್ವಲ್ಪ ಸ್ವಲ್ಪವೇ ಇಳಿಸಿದರೆ ಕೊಯ್ತ ನೇರ ಬರುತ್ತದೆ. ಆಮೇಲೆ ದಪ್ಪ ಗಾಜಿನ ಮೇಲೆ 220 ನಂಬರಿನ ಉಪ್ಪುಕಾಗದ ಹಾಸಿ, ಬಟ್ಟಲನ್ನು ಬೋರಲಾಗಿಟ್ಟು ಗುಂಡಗೆ ಉಜ್ಜುವುದು. ಅಂಚಿನ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿಕೊಂಡರೆ ಎಲ್ಲಿ ತಾಕುತ್ತಿದೆ, ಎಲ್ಲಿ ತಾಕುತ್ತಿಲ್ಲ ಎಂದು ಗೊತ್ತಾಗುತ್ತದೆ. ಎಲ್ಲ ಗೀಟೂ ಒಟ್ಟಿಗೆ ಅಳಿಸಿದರೆ ಅಂಚು ಮಟ್ಟಸವಾಯಿತು. ಒಳಗಿನ ಅಂಚಿನಲ್ಲಿ ಇನ್ನೂ ಕಪ್ಪು ಉಳಿದಿದ್ದರೆ, ಮರದ ಚೆಂಡಿಗೆ ಉಪ್ಪುಕಾಗದ ಹೊದಿಸಿ ಬಾಯಿಯಲ್ಲಿಟ್ಟು ತಿರುಗಿಸಿದರೆ ಒಳ ಅಂಚು ಸುತ್ತಲೂ ಒಂದೇ ಸಮನಾಗಿ ಓರೆಯಾಗುತ್ತದೆ.

ಎತ್ತರ ಇಳಿದ ಮೇಲೆ ಕಣ್ಣಿಗೆ ಹೊಸ ಸಮಸ್ಯೆ ಕಾಣುತ್ತದೆ. ಅದುವರೆಗೆ ಸರಿಯಾಗಿದ್ದ ಕತ್ತು ಈಗ ದಪ್ಪ ಅನ್ನಿಸುತ್ತದೆ, ಬಟ್ಟಲಿನ ತಳ ಭಾರವಾಗಿ ಕಾಣುತ್ತದೆ. ಪೈಪಿನ ಒಂದು ಭಾಗ ಬದಲಿಸಿದರೆ ಉಳಿದವೂ ಬದಲಾವಣೆ ಕೇಳುತ್ತವೆ. ತಳದ ತಿರುವನ್ನು ಅರದಿಂದ ಎತ್ತರಿಸುತ್ತ ಬರಬೇಕು. ದುಂಡು ಮೈಯನ್ನು ಕೈಯಲ್ಲಿ ತಿದ್ದುವಾಗ ನೇರವಾಗಿ ದುಂಡಗೆ ಉಜ್ಜಹೋದರೆ ಉಬ್ಬುತಗ್ಗಾಗುತ್ತದೆ. ಮೊದಲು ಚಿಕ್ಕ ಚಿಕ್ಕ ಚಪ್ಪಟೆ ಮುಖಗಳನ್ನು ಮಾಡಿ, ಒಂದೊಂದು ಮುಖದ ಅಂಚನ್ನೂ ಮತ್ತೆ ಚಪ್ಪಟೆ ಮಾಡುತ್ತ ಹೋಗುವುದು ಕ್ರಮ. ಕೊನೆಯಲ್ಲಿ ಉಪ್ಪುಕಾಗದದ ಉದ್ದ ಪಟ್ಟಿಯನ್ನು ಮೈಗೆ ಸುತ್ತಿ ಎರಡೂ ತುದಿ ಹಿಡಿದು ಹಿಂದೆ ಮುಂದೆ ಎಳೆದರೆ ಮುಖಗಳೆಲ್ಲ ಸೇರಿ ಒಂದೇ ತಿರುವಾಗುತ್ತವೆ. ಕೋಣೆಯ ದೀಪಗಳನ್ನೆಲ್ಲ ಆರಿಸಿ ಒಂದೇ ದೀಪದ ಕೆಳಗೆ ಪೈಪನ್ನು ನಿಧಾನ ತಿರುಗಿಸಿ ನೋಡಿ. ಬೆಳಕಿನ ಗೆರೆ ತಡೆಯಿಲ್ಲದೆ ಜಾರಬೇಕು. ಎಲ್ಲಿ ಮುರಿಯುತ್ತದೋ ಅಲ್ಲಿ ಕೆಲಸ ಬಾಕಿಯಿದೆ.

ಮರ ತೆಗೆಯುತ್ತ ಹೋದಂತೆ ಒಳಗಿನ ಗುಳಿಗಳು ಮೇಲೇಳುವುದುಂಟು. ಗಂಟು ಬೆಳೆಯುವಾಗ ಮಣ್ಣು, ಸಣ್ಣ ಕಲ್ಲು ಅದರೊಳಗೆ ಸಿಕ್ಕಿಕೊಂಡಿರುತ್ತವೆ. ಕಾರ್ಖಾನೆಗಳು ಹೊರಮೈಯ ಗುಳಿಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿರುತ್ತವೆ. ಬಣ್ಣ ಮಾಸಿದಾಗ ಅವು ನಸುಗೆಂಪು ಕಲೆಗಳಾಗಿ ಎದ್ದು ಕಾಣುತ್ತವೆ. ಪುಟ್ಟಿಯನ್ನು ಕೆದಕಿ ತೆಗೆದು ಬ್ರಯರ್ ಪುಡಿ ಮತ್ತು ಸೂಪರ್ ಗ್ಲೂ ತುಂಬಬಹುದು. ಗುಳಿಗಳು ಜಾಸ್ತಿಯಿದ್ದರೆ ಹೊರಮೈಯನ್ನೇ ಒರಟಾಗಿ ಕೆತ್ತುವುದು ಮೇಲು. ಇದನ್ನು ಯಾರೂ ಕಣ್ಣುಕಟ್ಟು ಎನ್ನಬೇಕಿಲ್ಲ. ಇಟಲಿಯ ಕಾಂತೂ ಊರಿನಲ್ಲಿ 1947ರಲ್ಲಿ ಕಾರ್ಲೊ ಸ್ಕಾಟಿ ಶುರುಮಾಡಿದ ಕಾಸ್ಟೆಲ್ಲೊ ಪೈಪುಗಳಿಗೆ ಹೆಸರು ಬಂದದ್ದರಲ್ಲಿ ಸೀ ರಾಕ್ ಎಂಬ ಒರಟು ಕೆತ್ತನೆಯ ಪಾಲು ದೊಡ್ಡದು.

ಕತ್ತು ಮತ್ತು ಸ್ಟೆಮ್

ಮರದ ಕತ್ತು ಬಟ್ಟಲಿಗಿಂತ ಸೂಕ್ಷ್ಮ. ಸ್ಟೆಮ್ ಕೂರುವಲ್ಲಿ ಮರದ ದಪ್ಪ ಮೂರು ಮಿಲಿಮೀಟರಿನ ಆಸುಪಾಸು. ಬಿಸಿ ಇರುವಾಗಲೇ ಸ್ಟೆಮ್ ತಿರುಚಿ ತೆಗೆಯುವವರ ಪೈಪು ಸೀಳುವುದು ಇಲ್ಲೇ. ಬಿರುಕು ಮುಂದೆ ಹೋಗದಂತೆ ಅದು ಮುಗಿಯುವ ಜಾಗದಲ್ಲಿ ಒಂದು ಮಿಲಿಮೀಟರಿನ ಸಣ್ಣ ತೂತು ಕೊರೆದು, ಅಂಟು ಹಾಯಿಸಿ, ಹಿತ್ತಾಳೆಯ ಉಂಗುರ ತೊಡಿಸುವುದು ಸಾಮಾನ್ಯ ಚಿಕಿತ್ಸೆ.

ಉದ್ದ ಕತ್ತಿನ ಕೆನೇಡಿಯನ್ ಆಕಾರವಾದರೆ ಇನ್ನೊಂದು ದಾರಿಯಿದೆ. ಸೀಳಿದ ಭಾಗವನ್ನೇ ಕೊಯ್ದು ಹಾಕಿ ಗಿಡ್ಡ ಪೈಪು ಮಾಡುವುದು. ಆಗ ಸ್ಟೆಮ್ಮಿನ ಗೂಟ ಕೂರಲು ತೂತನ್ನು ಹೊಸದಾಗಿ ಅಗಲಿಸಬೇಕು. ಯಂತ್ರದ ಡ್ರಿಲ್ಲಿನ ಬದಲು, ಕೊರೆಯುವ ಬಿಟ್ಟನ್ನು ಬೆರಳಲ್ಲೇ ಹಿಡಿದು, 5, 6, 7 ಮಿಲಿಮೀಟರ್ ಹೀಗೆ ಒಂದೊಂದೇ ಅಳತೆ ಏರಿಸುತ್ತ ತಿರುಗಿಸಿದರೆ ಹಳೆಯ ಹೊಗೆದಾರಿಯೇ ದಾರಿ ತೋರಿಸುತ್ತದೆ. ಕತ್ತಿನ ಕೊಯ್ದ ಮುಖ ಹೊಗೆದಾರಿಗೆ ಲಂಬವಾಗಿರಬೇಕು. ಸ್ಟೆಮ್ ಸಿಕ್ಕಿಸಿ ದೀಪಕ್ಕೆ ಅಡ್ಡ ಹಿಡಿದಾಗ ಸಂದಿನಲ್ಲಿ ಬೆಳಕು ತೂರಿದರೆ ಕೂಡಿಕೆ ಸರಿಯಿಲ್ಲ ಎಂದರ್ಥ.

ಹಳೆಯ ಸ್ಟೆಮ್ಮುಗಳು ಹೆಚ್ಚಾಗಿ ವಲ್ಕನೈಟಿನವು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡುವ ಕ್ರಮಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಮೇಲೆ ಬೆಳೆದ ವಸ್ತು ಇದು. ಬಿಸಿಲು, ಗಾಳಿಗೆ ಮೇಲ್ಪದರ ಹಸಿರುಗಂದಾಗುತ್ತದೆ. ಉಜ್ಜಿದಾಗ ಗಂಧಕದ ವಾಸನೆ ಬರುತ್ತದೆ. 400ರಿಂದ ಶುರುಮಾಡಿ 2000 ನಂಬರಿನವರೆಗೆ ನೀರು ಸೇರಿಸಿ ಉಜ್ಜಿದರೆ ಕಪ್ಪು ಹೊಳಪು ಮರಳುತ್ತದೆ.

ವಲ್ಕನೈಟಿಗೆ ತನ್ನ ಮೊದಲ ಆಕಾರದ ನೆನಪಿರುತ್ತದೆ. ಹದವಾಗಿ ಬಿಸಿ ಮಾಡಿದರೆ ಮೆತ್ತಗಾಗಿ ಬಾಗುತ್ತದೆ, ಬಾಗಿಸಿ ತಣ್ಣೀರಿಗೆ ಹಿಡಿದರೆ ಹಾಗೇ ನಿಲ್ಲುತ್ತದೆ. ಮತ್ತೆ ಕಾಯಿಸಿದರೆ ಮೊದಲಿನಂತೆ ನೆಟ್ಟಗಾಗಲು ನೋಡುತ್ತದೆ. ಹಲ್ಲಿನ ಗುಳಿಯನ್ನು ತುಸು ಕಾಯಿಸಿದರೆ ತಾನಾಗಿ ಮೇಲೇಳುವುದೂ ಇದೇ ಗುಣದಿಂದ. ನೇರ ಪೈಪನ್ನು ಬಾಗಿದ ಪೈಪಾಗಿಸಲು ಮರ ಮುಟ್ಟುವ ಅಗತ್ಯವೇ ಇಲ್ಲ, ಸ್ಟೆಮ್ ಬಾಗಿಸಿದರೆ ಸಾಕು. ಬಾಗಿಸುವಾಗ ಒಳದಾರಿ ಮುಚ್ಚಿಹೋಗದಂತೆ ಪೈಪ್ ಕ್ಲೀನರ್ ತೂರಿಸಿಟ್ಟಿರಬೇಕು.

ಬಣ್ಣ, ಮೆರುಗು

ಸ್ಪಿರಿಟ್ಟಿನಲ್ಲಿ ಕರಗುವ ಕಪ್ಪು ಬಣ್ಣವನ್ನು ಇಡೀ ಮೈಗೆ ಹಚ್ಚಿ, ಒಣಗಿದ ಮೇಲೆ ಉಜ್ಜಿ ತೆಗೆದುಬಿಡುತ್ತಾರೆ. ಮೃದುವಾದ ನಾರು ಬಣ್ಣ ಹೀರಿಕೊಂಡಿರುತ್ತದೆ, ಗಟ್ಟಿ ನಾರಿನ ಮೇಲೆ ಬಣ್ಣ ನಿಂತಿರುವುದಿಲ್ಲ. ಅದರ ಮೇಲೆ ಕಂದೋ ಕಿತ್ತಳೆಯೋ ತಿಳಿಬಣ್ಣ ಕೊಟ್ಟಾಗ ಅದುವರೆಗೆ ಮಂಕಾಗಿದ್ದ ಗೆರೆಗಳು, ಹಕ್ಕಿಕಣ್ಣುಗಳು ಎದ್ದು ಬರುತ್ತವೆ.

ಕೊನೆಯ ಮೆರುಗು ಕಾರ್ನೊಬಾ ಮೇಣದ್ದು. ಬ್ರೆಜಿಲಿನ ತಾಳೆ ಜಾತಿಯ ಮರವೊಂದರ ಎಲೆಯಿಂದ ಬರುವ ಈ ಮೇಣ ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ಚನ್ನಪಟ್ಟಣದ ಬೊಂಬೆ ಮಾಡುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜುವ ಬಿಸಿಯಲ್ಲೇ ಅರಗು ಕರಗಿ ಮೈಗೆ ಹರಡುವಂತೆ ಮಾಡುವುದನ್ನು ನೋಡಿದವರಿಗೆ ಈ ಕೆಲಸ ಕೂಡಲೇ ಅರ್ಥವಾಗುತ್ತದೆ. ಇಲ್ಲಿ ತಿರುಗುವುದು ಬಟ್ಟೆಯ ಚಕ್ರ. ಮೇಣವನ್ನು ಚಕ್ರಕ್ಕೆ ತಾಕಿಸಿ ಪೈಪನ್ನು ಅದಕ್ಕೆ ಒಡ್ಡುತ್ತಾರೆ. ಅರಗು ಕಾರ್ನೊಬಾಗಿಂತ ಕಡಿಮೆ ಶಾಖಕ್ಕೇ ಮೆತ್ತಗಾಗುತ್ತದೆ. ವಾರ್ನಿಷ್ ಬಳಿದ ಅಗ್ಗದ ಪೈಪುಗಳಲ್ಲಿ ಬಿಸಿಗೆ ಗುಳ್ಳೆ ಎದ್ದಿರುವುದನ್ನು ಎಷ್ಟೋ ಕಡೆ ಕಾಣಬಹುದು.

ಉಜ್ಜುವ ಕೆಲಸದುದ್ದಕ್ಕೂ ಮೂಗಿಗೆ ಒಳ್ಳೆಯ ಮಾಸ್ಕ್ ಇರಲೇಬೇಕು. ಮರದ ದೂಳೇ ಶ್ವಾಸಕೋಶಕ್ಕೆ ಕೆಟ್ಟದ್ದು, ಇದರಲ್ಲಿ ಹಳೆಯ ತಂಬಾಕಿನ ಕಿಟ್ಟವೂ ಬೆರೆತಿರುತ್ತದೆ.

ಮುಟ್ಟಬಾರದ ಪೈಪು

ಎಲ್ಲ ಹಳೆಯ ಪೈಪನ್ನೂ ತಿದ್ದಬೇಕೆಂದಿಲ್ಲ. ಕತ್ತಿನ ಮೇಲೆ ಒತ್ತಿರುವ ಮುದ್ರೆಯೇ ಪೈಪಿನ ಜಾತಕ. ಹಳೆಯ ಡನ್‌ಹಿಲ್ ಪೈಪುಗಳಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಮುದ್ರೆಯ ಕೊನೆಯಲ್ಲಿರುವ ಪುಟ್ಟ ಅಂಕಿಯಿಂದ ಅದು ತಯಾರಾದ ವರ್ಷ ತಿಳಿಯಬಹುದು. ಪೀಟರ್ಸನ್ ಪೈಪಿನ ಬೆಳ್ಳಿ ಪಟ್ಟಿಯ ಮೇಲಿನ ಡಬ್ಲಿನ್ ಮುದ್ರೆಯಲ್ಲೂ ವರ್ಷದ ಸುಳಿವು ಇರುತ್ತದೆ. ಉಪ್ಪುಕಾಗದದ ನಾಲ್ಕು ಎಳೆತಕ್ಕೆ ಇಂಥ ಚರಿತ್ರೆ ಅಳಿಸಿಹೋಗುತ್ತದೆ. ಹೀಗೆ ಮುದ್ರೆ ಸ್ಪಷ್ಟವಾಗಿರುವ ಪೈಪಿಗೆ ಶುಚಿ, ಮೇಣ ಇಷ್ಟು ಸಾಕು. ಸುಟ್ಟ ಅಂಚು ಸುಟ್ಟಂತೆಯೇ ಇರಲಿ. ಹವ್ಯಾಸಿಯ ವಿವೇಕ ತಿಳಿಯುವುದು ಅವರು ತಿದ್ದಿದ ಪೈಪುಗಳಿಂದ ಎಷ್ಟೋ, ತಿದ್ದದೆ ಬಿಟ್ಟ ಪೈಪುಗಳಿಂದಲೂ ಅಷ್ಟೇ.

ಶುರುಮಾಡುವವರು ಹೆಸರಿಲ್ಲದ, ದಪ್ಪ ಗೋಡೆಯ, ಅಂಚು ಸುಟ್ಟ ಬಿಲಿಯರ್ಡ್ ಒಂದನ್ನು ಆರಿಸಿಕೊಳ್ಳಲಿ. ಬೇಕಾಗುವ ಉಪಕರಣ ಕಡಿಮೆ: ಕ್ಯಾಲಿಪರ್, ಎರಡು ಅರ, ಸಣ್ಣ ಗರಗಸ, ನಾಲ್ಕಾರು ನಂಬರಿನ ಉಪ್ಪುಕಾಗದ, ಒಂದು ಗಾಜಿನ ತುಂಡು. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಒಂದೇ ಸುತ್ತಿಗೆ ಎಲ್ಲವೂ ಸಿಗುತ್ತವೆ. ಮರಗೆಲಸ ಕಲಿಯುವ ಮಕ್ಕಳಿಗೂ ದೊಡ್ಡವರಿಗೂ ನಾವು ಮೊದಲ ದಿನವೇ ಹೊಸ ಹಲಗೆ ಕೊಟ್ಟು ಏನಾದರೂ ಮಾಡಿ ಎನ್ನುತ್ತೇವೆ. ಹೊಸ ಹಲಗೆ ತಪ್ಪನ್ನೆಲ್ಲ ಕ್ಷಮಿಸುತ್ತದೆ, ಕೆಟ್ಟರೆ ಇನ್ನೊಂದು ತಂದರಾಯಿತು. ಹಳೆಯ ಪೈಪಿನಲ್ಲಿ ಹಾಗಲ್ಲ, ಒಂದು ಮಿಲಿಮೀಟರ್ ಹೋದರೆ ಹೋಯಿತು. ಅಷ್ಟು ಇಕ್ಕಟ್ಟಿನಲ್ಲಿ, ಇನ್ನೊಬ್ಬರು ಕೊರೆದಿಟ್ಟ ರಂಧ್ರಕ್ಕೆ ಬೆಲೆ ಕೊಡುತ್ತ ಪಳಗಿದ ಕೈ ಮುಂದೆ ಹೊಸ ಮರಕ್ಕೆ ಹಾಕುವ ಮೊದಲ ಗೆರೆಯಲ್ಲೇ ಅದರ ಗುಣ ಕಾಣುತ್ತದೆ. ಇವಾರ್ಸನ್ ಕಲಿತದ್ದು ಹೀಗೆಯೇ. ಇವತ್ತೂ ಕಲಿಯಬಹುದು.